ಕೋಟಿ ಸಾಲುಗಳ ನಡುವೆ ಒಬ್ಬ ನಂಜುಂಡಯ್ಯ

ಹೋದ ವಾರ ಜಯಲಕ್ಷ್ಮಿಪುರಂನಲ್ಲಿ ರಕ್ತಪರೀಕ್ಷೆ ಮಾಡುವ ಒಂದು ಕೇಂದ್ರಕ್ಕೆ ಹೋಗಿದ್ದೆ. ನನ್ನ ವಯಸ್ಸಿನವರಿಗೆ ಈಗ ದೇವಸ್ಥಾನಕ್ಕಿಂತ ಇಂಥ ಜಾಗಗಳೇ ಹೆಚ್ಚು ಪರಿಚಯ. ಇಲ್ಲೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಇಲ್ಲೂ ಸಾಲಿನಲ್ಲಿ ನಿಂತು ಕೈ ಚಾಚಬೇಕು. ಕೌಂಟರಿನಲ್ಲಿದ್ದ ಹುಡುಗಿ "ಹೆಸರು ಹೇಳಿ ಮೇಡಂ" ಅಂದಳು. ನಾನು ಹೇಳಿ ಮುಗಿಸಿರಲಿಲ್ಲ. ಅವಳು ನಾಲ್ಕು ಅಕ್ಷರ ಒತ್ತಿದ್ದಳೋ ಇಲ್ಲವೋ, ನನ್ನ ಹೆಸರು, ವಯಸ್ಸು, ಹೋದ ಸಲದ ಸಕ್ಕರೆ, ಅದಕ್ಕೂ ಹಿಂದಿನ ಸಲದ ಸಕ್ಕರೆ, ಎಲ್ಲ ಪರದೆಯ ಮೇಲೆ ಬಂದು ಕೂತವು.

"ಎಷ್ಟು ಬೇಗ ಸಿಕ್ಬಿಡ್ತಲ್ಲಮ್ಮ" ಅಂದೆ.

"ಬೇಗ ಏನು ಮೇಡಂ, ಇವತ್ತು ಸ್ವಲ್ಪ ಸ್ಲೋ" ಅಂದಳು.

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ಖಾಲಿ ಹೊಟ್ಟೆಯ ಸುಸ್ತು ಅಂದುಕೊಂಡು ಅವಳು ನೀರು ತಂದುಕೊಟ್ಟಳು. ಅದು ಹೊಟ್ಟೆಯ ಸುಸ್ತಲ್ಲ. ನಾಲ್ಕು ಅಕ್ಷರ ಒತ್ತಿದರೆ ಒಬ್ಬ ಮನುಷ್ಯ ಸಿಗುವುದನ್ನು ಕಂಡಾಗಲೆಲ್ಲ ನನಗೆ ಹೀಗಾಗುತ್ತದೆ. ಯಾಕೆ ಅಂತ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವು ನನ್ನ ಮುಖ ನೋಡುತ್ತಿಲ್ಲ ಎನ್ನುವುದೇ ನನಗೊಂದು ಧೈರ್ಯ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಈ ಊರಿನ ಒಂದು ದೊಡ್ಡ ಧರ್ಮಾಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ನನ್ನದು, ಕಟ್ಟಡದ್ದಲ್ಲ. ಚಾಮರಾಜಪುರಂನ ನಮ್ಮ ಮನೆಯವರು ತಲೆತಲಾಂತರದಿಂದ ದವಸದ ವ್ಯಾಪಾರದವರು, ಮಠಕ್ಕೆ ನಡೆದುಕೊಳ್ಳುವವರು. ಆ ವಂಶದಲ್ಲಿ ಮಂಡಿಯ ಗದ್ದುಗೆ ಬಿಟ್ಟು ಸಂಬಳಕ್ಕೆ ಹೋದವಳು ನಾನೇ ಮೊದಲು. ಸೇರಿದ ದಿನ ಸಂಜೆ ಅಮ್ಮ "ಏನೇ ನಿನ್ನ ಕೆಲಸ?" ಅಂತ ಕೇಳಿದಳು. "ಟೇಬಲ್ ನೋಡ್ಕೊಳ್ಳೋದು" ಅಂದೆ. ಅಮ್ಮ, "ಇಷ್ಟು ಓದಿ ಟೇಬಲ್ ಒರೆಸೋಕೆ ಹೋಗ್ತೀಯಾ?" ಅಂದಳು. ಬಹಳ ದಿನ ನೆಂಟರ ಮುಂದೆ ನನ್ನ ಕೆಲಸದ ಮಾತೇ ಎತ್ತಲಿಲ್ಲ. ಈಗ ನೆನೆದರೆ, ನಿಜವಾಗಿಯೂ ಟೇಬಲ್ ಒರೆಸುವ ಕೆಲಸಕ್ಕೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥರು ಗುರುಸ್ವಾಮಿಯವರು. ಹಣೆಗೆ ಅಡ್ಡ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು, ಮೈಯೆಲ್ಲ ಸಹನೆ. ಟೇಬಲ್ ಅಂದರೆ ಏನು ಅಂತ ನನಗೆ ಹೇಳಿಕೊಟ್ಟವರು ಅವರೇ. "ಶಾನುಭೋಗರ ಪುಸ್ತಕ ನೋಡಿದ್ದೀರಲ್ಲ? ಅದೇ ಇದು. ಉದ್ದಕ್ಕೆ ಗೆರೆ ಎಳೆದರೆ ಕಾಲಂ, ಅಡ್ಡಕ್ಕೆ ಬರೆದರೆ ಸಾಲು. ವ್ಯತ್ಯಾಸ ಇಷ್ಟೇ, ಈ ಪುಸ್ತಕಕ್ಕೆ ಕೊನೆಯ ಹಾಳೆ ಅಂತ ಇಲ್ಲ." ಆಸ್ಪತ್ರೆಗೆ ಒಬ್ಬ ರೋಗಿ ಬಂದರೆ ಒಂದು ಸಾಲು. ಅವನ ರಕ್ತ ತೆಗೆದರೆ ಒಂದು ಸಾಲು, ವಾರ್ಡಿಗೆ ಹಾಕಿದರೆ ಒಂದು ಸಾಲು, ಮನೆಗೆ ಕಳಿಸಿದರೆ ಒಂದು ಸಾಲು. ಹೊರರೋಗಿ, ಒಳರೋಗಿ, ಬಾಣಂತಿ, ಮಗು ಎಲ್ಲರೂ ಒಂದೇ ಟೇಬಲ್ಲಿನಲ್ಲಿ. ಬೇರೆ ಬೇರೆ ಇಡಬೇಕಿತ್ತು ಎನ್ನುವ ಬುದ್ಧಿ ನಮಗೆ ಆಮೇಲೆ ಬಂತು. ಮೊದಲು ಲಕ್ಷ ದಾಟಿತು. ಆವತ್ತು ಗುರುಸ್ವಾಮಿಯವರು ವಿಭಾಗಕ್ಕೆಲ್ಲ ಮೈಸೂರ್‌ಪಾಕು ಹಂಚಿದರು. ಹತ್ತು ಲಕ್ಷ ದಾಟಿದಾಗಲೂ ಹಂಚಿದರು. ಕೋಟಿಯ ಹತ್ತಿರ ಬರುವ ಹೊತ್ತಿಗೆ ಯಾರಿಗೂ ಸಿಹಿ ಬೇಕಾಗಿರಲಿಲ್ಲ.

ಯಾಕೆಂದರೆ ಟೇಬಲ್ ಭಾರವಾಗುತ್ತ ಬಂದಂತೆ ಎಲ್ಲವೂ ನಿಧಾನವಾಯಿತು. ನೋಂದಣಿ ಕೌಂಟರಿನಲ್ಲಿ ಒಬ್ಬ ರೋಗಿಯನ್ನು ಸೇರಿಸಲು ಹಿಡಿಯುವ ಹೊತ್ತಿನಲ್ಲಿ ಒಂದು ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಬೆಳಿಗ್ಗೆ ಎಂಟಕ್ಕೆ ಶುರುವಾದ ಸಾಲು ಹತ್ತರ ಹೊತ್ತಿಗೆ ಗೇಟು ದಾಟಿ ರಸ್ತೆಗೆ ಬರುತ್ತಿತ್ತು. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬಿಸಿಲಲ್ಲಿ ನಿಂತಿರುತ್ತಿದ್ದರು. ಸೂಪರಿಂಟೆಂಡೆಂಟರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಪರಿಹಾರ ಕಂಡುಹಿಡಿದವಳು ನಾನು.

ಸ್ವಲ್ಪ ಯಂತ್ರದ ವಿಷಯ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ದೊಡ್ಡ ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತದಲ್ಲ, ಹಾಗೆ ಟೇಬಲ್ಲಿಗೂ ಇಂಡೆಕ್ಸ್ ಅಂತ ಇರುತ್ತದೆ. ನಮ್ಮಲ್ಲಿ ಎರಡಿದ್ದವು. ಒಂದು ರೋಗಿಯ ನಂಬರಿಗೆ, ಇನ್ನೊಂದು ಹೆಸರಿಗೆ. ಹೊಸ ಸಾಲು ಬರೆದಾಗಲೆಲ್ಲ ಯಂತ್ರ ಈ ಎರಡು ಪಟ್ಟಿಗಳನ್ನೂ ತಿದ್ದಬೇಕು. ಹೆಸರಿನ ಪಟ್ಟಿ ತೆಗೆದುಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ ಅಂತ ನನಗೆ ಹೊಳೆಯಿತು. ಹೇಗೂ ಎಲ್ಲರ ಕೈಯಲ್ಲೂ ನಂಬರಿನ ಚೀಟಿ ಇರುತ್ತದೆ. ಹೆಸರಿಗಾದರೂ ಏನು ಬೆಲೆ? ಇಂಗ್ಲಿಷಿನಲ್ಲಿ ಬರೆಯುವಾಗ ನಂಜುಂಡಯ್ಯ ಅನ್ನುವ ಒಂದು ಹೆಸರನ್ನು ನಮ್ಮ ಗುಮಾಸ್ತರು ಎಂಟು ಥರ ಬರೆಯುತ್ತಿದ್ದರು. ಮೊದಲಕ್ಷರದ ಮುಂದೆ 'ಎ' ಹಾಕುವವರು, 'ಯು' ಹಾಕುವವರು, ಕೊನೆಯ ಅಯ್ಯನಿಗೆ ಎರಡು 'ವೈ' ಕೊಡುವವರು, ಅಯ್ಯನನ್ನೇ ನುಂಗುವವರು. ಹೆಸರಿನ ಇಂಡೆಕ್ಸ್ ತೆಗೆದೆ. ಮಾರನೆಯ ದಿನ ಹತ್ತು ಗಂಟೆಗೆ ಸಾಲು ಗೇಟಿನೊಳಗೇ ಇತ್ತು. ಸೂಪರಿಂಟೆಂಡೆಂಟರು ಖುದ್ದಾಗಿ ನಮ್ಮ ಕೋಣೆಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ನಿಂತು, "ಭೇಷ್" ಅಂದರು. ಆ ವರ್ಷದ ಆಯುಧಪೂಜೆಯಲ್ಲಿ ಟೇಬಲ್ ಇದ್ದ ದೊಡ್ಡ ಯಂತ್ರಕ್ಕೆ, ಅಂದರೆ ಸರ್ವರ್‌ಗೆ, ಕುಂಕುಮ ಇಡುವ ಗೌರವ ನನಗೇ ಸಿಕ್ಕಿತು. ಇಟ್ಟೆ. ಫ್ಯಾನಿನ ಕಂಡಿಯೊಳಗೆ ಕುಂಕುಮ ಬಿದ್ದು ಎರಡು ದಿನ ಅದು ಕೆಮ್ಮುತ್ತಿತ್ತು.

ಮಾದೇವಮ್ಮ ಬಂದದ್ದು ಅದಾಗಿ ಎರಡನೆಯ ವರ್ಷದ ಆಷಾಢದಲ್ಲಿ, ಒಂದು ಗುರುವಾರ. ಮಾರನೆಯ ದಿನ ಆಷಾಢ ಶುಕ್ರವಾರ, ದೇವಿಯ ಬೆಟ್ಟಕ್ಕೆ ಹೋಗಬೇಕೆಂದು ಊರೆಲ್ಲ ಸಡಗರದಲ್ಲಿತ್ತು, ನಾನೂ ಬೇಗ ಹೊರಡುವ ಯೋಚನೆಯಲ್ಲಿದ್ದೆ. ವಿಚಾರಣೆ ಕೌಂಟರಿನವರು ತಮ್ಮ ಕೈಲಾಗದ್ದನ್ನೆಲ್ಲ ನಮ್ಮ ಕೋಣೆಗೆ ಅಟ್ಟುತ್ತಿದ್ದರು. ಬಾಗಿಲಲ್ಲಿ ಮೂವತ್ತೆಂಟು ನಲವತ್ತರ ಒಬ್ಬ ಹೆಂಗಸು ನಿಂತಿದ್ದಳು. ಬೆರಳೆಲ್ಲ ಕಪ್ಪು, ಮೈಯಿಂದ ಊದುಬತ್ತಿ ಹಿಟ್ಟಿನ ವಾಸನೆ. ವಿದ್ಯಾರಣ್ಯಪುರಂನಲ್ಲಿ ಮನೆ, ಅಲ್ಲೇ ಕೂತು ಊದುಬತ್ತಿ ಹೊಸೆಯುವ ಕೆಲಸ.

"ನಮ್ಮೆಜಮಾನ್ರು ಕಾಣ್ತಿಲ್ಲ ಕಣವ್ವ. ಗಾರೆ ಕೆಲ್ಸದೋರು. ನಂಜುಂಡಯ್ಯ ಅಂತ. ಆರು ದಿವ್ಸ ಆಯ್ತು. ಜರ ಬಂದಿತ್ತು. ಸರ್ಕಲ್ಲತ್ರ ಟೀ ಅಂಗ್ಡಿಯೋನು ಏಳ್ದ, ಅವ್ರು ಸುಸ್ತಾಗಿ ಕುಂತಿದ್ರಂತೆ, ಯಾವ್ದೋ ಆಟೋದೋನು ಅತ್ತಿಸ್ಕೊಂಡು ಓದ್ನಂತೆ. ಎಲ್ಲಾ ಆಸ್ಪತ್ರೆನೂ ಸುತ್ತುಬುಟ್ಟೆ."

"ನಂಬರ್ ಇದೆಯಾ?"

"ನಂಬ್ರು ಇದ್ದಿದ್ರೆ ನಿಮ್ಮತ್ರ ಯಾಕ್ ಬತ್ತಿದ್ದೆ? ವಾರ್ಡಿಗೆ ಬುಡಿ, ನಾನೇ ನೋಡ್ಕತೀನಿ ಅಂದ್ರೆ ಗೇಟೋನು ನಂಬ್ರು ಅಂತಾನೆ. ಕೌಂಟ್ರೋನು ನಂಬ್ರು ಅಂತಾನೆ."

ನಂಬರಿಲ್ಲದಿದ್ದರೆ ಕಷ್ಟ ಅಂತ ನಾನೂ ಹೇಳಿದೆ. ಅವಳು ಹೋಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ದನಿ ತಗ್ಗಿಸಿ, ಹೆಂಗಸು ಹೆಂಗಸಿಗೆ ಹೇಳುವಂತೆ ಹೇಳಿದಳು: "ಓಗೋ ದಿವ್ಸ ಬೆಳಿಗ್ಗೆ ಜಗಳ ಆಡ್ಬುಟ್ಟೆ ಕಣವ್ವ. ಜರ ಅಂತ ಮನ್ಗಿದ್ರು. ಕೆಲ್ಸಕ್ಕೋಗಲ್ವಾ ಅಂದೆ. ಮಾತಿಗೆ ಮಾತು ಬಂತು. ಓಗು, ಎಲ್ಲಾರ ಓಗಿ ಸಾಯಿ ಅಂದ್ಬುಟ್ಟೆ. ಕರಣೆ ಎತ್ಕೊಳ್ದೆ ಬರಿಗೈಯಲ್ಲಿ ಓದ್ರು."

ಆ ಮಾತು ಕೇಳಿದ ಮೇಲೆ ಅವಳನ್ನು ಹಾಗೇ ಕಳಿಸುವುದಕ್ಕೆ ಮನಸ್ಸಾಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ ಹೆಸರಿನ ಮೇಲೆ ಹುಡುಕಲು ಯಂತ್ರಕ್ಕೆ ಹಚ್ಚಿದೆ. ಇಂಡೆಕ್ಸ್ ಇಲ್ಲದ ಟೇಬಲ್ಲಿನಲ್ಲಿ ಹೆಸರು ಹುಡುಕುವುದೆಂದರೆ ಮೊದಲ ಸಾಲಿನಿಂದ ಹಿಡಿದು ಒಂದೊಂದನ್ನೇ ಓದುತ್ತ ಹೋಗುವುದು. ಕೋಟಿ ಮನೆಗಳಿರುವ ಊರಿನಲ್ಲಿ ಒಂದೊಂದೇ ಬಾಗಿಲು ತಟ್ಟಿದಂತೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಡಿಸ್ಕಿನ ದೀಪ ಎಡೆಬಿಡದೆ ಉರಿಯುತ್ತಿತ್ತು. ಅಷ್ಟರಲ್ಲಿ ನೋಂದಣಿ ಕೌಂಟರಿನಿಂದ ಫೋನು: ಪರದೆ ಅಲ್ಲಾಡುತ್ತಿಲ್ಲ. ಲ್ಯಾಬಿನಿಂದ ಫೋನು. ಆಪರೇಷನ್ ಥಿಯೇಟರಿನಿಂದ ಫೋನು, ಅವರಿಗೆ ಯಾರದೋ ರಕ್ತದ ಗುಂಪು ತಕ್ಷಣ ಬೇಕು. ನಲವತ್ತನೆಯ ನಿಮಿಷಕ್ಕೆ ಸೂಪರಿಂಟೆಂಡೆಂಟರೇ ಫೋನ್ ಮಾಡಿ, "ಏನಮ್ಮ, ಯಾರನ್ನ ಸಾಯಿಸ್ಬೇಕು ಅಂತಿದ್ದೀರಿ?" ಅಂದರು.

ನಿಲ್ಲಿಸಿಬಿಟ್ಟೆ. ಎರಡು ಕೀ ಒತ್ತಿದರೆ ನಿಲ್ಲುತ್ತಿತ್ತು, ಒತ್ತಿದೆ. ಅರ್ಧವೂ ಆಗಿರಲಿಲ್ಲ. ಹೊರಗೆ ಬಂದೆ. ಮಾದೇವಮ್ಮ ಎದ್ದು ನಿಂತಳು. ಹುಡುಕಿ ಮುಗಿದಿಲ್ಲ ಅಂತ ಹೇಳಬೇಕಿತ್ತು. ಹಾಗೆ ಹೇಳಿದರೆ ಮತ್ತೆ ಯಾವಾಗ ಅಂತ ಕೇಳುತ್ತಾಳೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ತಲೆ ಬಿಸಿಯಾಗಿತ್ತು, ಬೇಗ ಹೊರಡಬೇಕಿತ್ತು.

"ಇಲ್ಲ ಕಣಮ್ಮ, ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಅಂದೆ.

ಅವಳ ಮುಖ ಅರಳಿತು. ಆ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಅಂಗಾರೆ ಬದುಕವ್ರೆ ಕಣವ್ವ. ಕ್ವಾಪ ಮಾಡ್ಕೊಂಡು ಎಲ್ಲೋ ಓಗವ್ರೆ. ಬತ್ತಾರೆ." ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದಳು. ನನ್ನ ಅಂಗೈಯಲ್ಲಿ ಊದುಬತ್ತಿಯ ಕಪ್ಪು ಉಳಿಯಿತು. ಸೋಪು ಹಾಕಿ ತೊಳೆದುಕೊಂಡು ಬಸ್ಸಿಗೆ ಓಡಿದೆ.

ಅವಳು ಮತ್ತೆ ಬಂದದ್ದು ಮರುವರ್ಷ, ಅದೇ ಆಷಾಢದಲ್ಲಿ. ನಂಜನಗೂಡು, ಬೆಂಗಳೂರು, ಧರ್ಮಸ್ಥಳದ ದಾರಿ, ಎಲ್ಲೆಲ್ಲಿ ಕಟ್ಟಡ ಏಳುತ್ತಿದೆ ಅಂತ ಕೇಳಿದಳೋ ಅಲ್ಲೆಲ್ಲ ಹೋಗಿ ಬಂದಿದ್ದಳು. "ಇನ್ನೊಂದ್ಸಲ ನೋಡ್ಬುಡವ್ವ" ಅಂದಳು. ನಾನು ಪರದೆಯ ಕಡೆ ತಿರುಗಿ, ಏನೋ ನಾಲ್ಕು ಕೀ ಕುಟ್ಟಿ, "ಇಲ್ಲಮ್ಮ" ಅಂದೆ. ಆ ಸಲ ನಾನು ಹುಡುಕಲೂ ಇಲ್ಲ. ಅದರ ಮುಂದಿನ ವರ್ಷವೂ ಬಂದಳು, ಆಗಲೂ ಇಲ್ಲ. ಬರುವಾಗಲೆಲ್ಲ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಊದುಬತ್ತಿ ತರುತ್ತಿದ್ದಳು. ನಾನು ಅದನ್ನು ಆಯುಧಪೂಜೆಯ ದಿನ ಸರ್ವರಿನ ಮುಂದೆ ಹಚ್ಚುತ್ತಿದ್ದೆ. ಮನುಷ್ಯರು ಎಂಥೆಂಥ ಕೆಲಸ ಮಾಡಿ ಆರಾಮಾಗಿ ಊಟ ಮಾಡುತ್ತಾರೆ, ನೋಡಿ. ನಾನು ಮಾಡಿದ್ದೇನೆ.

ಒಮ್ಮೆ ಅವಳ ಜೊತೆ ಮಗಳು ಬಂದಿದ್ದಳು. ಶೀಲಾ ಅಂತ ಹೆಸರು. ಗಂಡು ಬಂದಿದೆಯಂತೆ, ಒಳ್ಳೆಯ ಕಡೆಯಂತೆ. "ಅವ್ರಪ್ಪ ಬಂದು ಧಾರೆ ಎರೀಲಿ ಅಂತ ತಡೆದಿವ್ನಿ" ಅಂದಳು ಮಾದೇವಮ್ಮ. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಹೊಸ ಶತಮಾನ ಬಂತು. ಟೇಬಲ್ ಎರಡು ಕೋಟಿ ದಾಟಿತು, ಯಂತ್ರಗಳು ಬದಲಾದವು. ಗುರುಸ್ವಾಮಿಯವರು ನಿವೃತ್ತರಾಗುವ ಮುಂಚಿನ ವರ್ಷ ಒಂದು ತೀರ್ಮಾನವಾಯಿತು. ಇಷ್ಟು ದೊಡ್ಡ ಟೇಬಲ್ಲನ್ನು ಇಡಿಯಾಗಿ ಇಟ್ಟುಕೊಂಡು ಹೆಣಗುವುದಕ್ಕಿಂತ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಂತೆ ವರ್ಷವರ್ಷಕ್ಕೆ ಒಂದೊಂದು ಪಾಲು ಮಾಡುವುದು. ಬೇಕಾದ ವರ್ಷವನ್ನು ಮಾತ್ರ ತೆರೆದರಾಯಿತು, ಉಳಿದವು ತಮ್ಮ ಪಾಡಿಗೆ ಮಲಗಿರುತ್ತವೆ. ಆ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದು ವರ್ಷದ ಸಾಲುಗಳನ್ನು ಎತ್ತಿ ಬೇರೆ ಇಟ್ಟು, ಎಣಿಸಿ, ತಾಳೆ ನೋಡುತ್ತ ಬಂದೆ. ಹೀಗೆ ಮಾದೇವಮ್ಮ ಮೊದಲು ಬಂದ ವರ್ಷ ಬೇರೆಯಾಗಿ ನನ್ನ ಮುಂದೆ ಕೂತಿತು.

ಒಂದು ಬುಧವಾರ ಮಧ್ಯಾಹ್ನ ಊಟದ ಹೊತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಹೆಸರನ್ನು ಎಂಟು ಥರವೂ ಬರೆದು ಹುಡುಕಲು ಬಿಟ್ಟೆ. ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಬಾಯಿಗಿಡುವುದರೊಳಗೆ ಬಂದುಬಿಟ್ಟಿತು. 'ಯು' ಅಕ್ಷರದ ನಂಜುಂಡಯ್ಯ. ವಯಸ್ಸು ನಲವತ್ತೈದು, ಗಾರೆ ಕೆಲಸ, ವಿದ್ಯಾರಣ್ಯಪುರಂ. ಕರೆತಂದವರು: ಆಟೋ ಚಾಲಕ. ಎರಡನೆಯ ಮಹಡಿ, ಪುರುಷರ ವಾರ್ಡು, ಹಾಸಿಗೆ ಹದಿನಾಲ್ಕು. ಹನ್ನೊಂದು ಸಾಲುಗಳಿದ್ದವು. ಕೊನೆಯ ಸಾಲಿನಲ್ಲಿ, ಮೃತ, ವಾರಸುದಾರರಿಲ್ಲ, ನಗರಪಾಲಿಕೆಗೆ ಒಪ್ಪಿಸಿದೆ ಅಂತಿತ್ತು.

ತಾರೀಖು ನೋಡಿದೆ. ಬೆರಳು ಮಡಿಸಿ ಎಣಿಸಿದೆ. ಮಾದೇವಮ್ಮ ನಮ್ಮ ಬೆಂಚಿನ ಮೇಲೆ ಕೂತಿದ್ದ ಗುರುವಾರ ಅವನು ಬದುಕಿದ್ದ. ನಮ್ಮ ಕೋಣೆಯಿಂದ ಎರಡು ಮೆಟ್ಟಿಲುಸಾಲು ಹತ್ತಿದರೆ ಅವನ ಹಾಸಿಗೆ. ಆಮೇಲೆ ಇನ್ನೂ ಐದು ದಿನ ಬದುಕಿದ್ದ.

ಇನ್ನೊಂದು ಮಾತೂ ಆಗಲೇ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಹೊಸ ರೋಗಿಗಳ ನಂಬರುಗಳು ದಿನದ ಕ್ರಮದಲ್ಲೇ ಏರುತ್ತ ಹೋಗುತ್ತಿದ್ದವು, ಮತ್ತು ನಂಬರಿಗೆ ಇಂಡೆಕ್ಸ್ ಇತ್ತು. ಆ ಒಂದು ವಾರದ ನಂಬರುಗಳಿಂದಾಚೆ ಹುಡುಕಬೇಡ ಅಂತ ಯಂತ್ರಕ್ಕೆ ಹೇಳಿದ್ದರೆ ಆವತ್ತೇ ಸಿಕ್ಕಿರುತ್ತಿದ್ದ. ನಾನು ಆರು ದಿನದ ಹಿಂದೆ ಕಾಣೆಯಾದವನನ್ನು ಏಳು ವರ್ಷ ಹಿಂದಿನಿಂದ ಹುಡುಕಲು ಹೊರಟಿದ್ದೆ. ಭೇಷ್ ಅನ್ನಿಸಿಕೊಂಡ ಬುದ್ಧಿ.

ಗುರುಸ್ವಾಮಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನೀವು ಆವತ್ತು ಪೂರ್ತಿ ಹುಡುಕಿದ್ದರೂ ಸ್ಪೆಲಿಂಗ್ ಬೇರೆ ಇತ್ತಲ್ಲ, ಸಿಗ್ತಿರ್ಲಿಲ್ಲ" ಅಂದರು. ನನಗೆ ಸಮಾಧಾನವಾಗಲಿ ಅಂತಲೇ ಹೇಳಿದ ಮಾತು. ಆಮೇಲೆ, "ಈಗ ಹೋಗಿ ಹೇಳಿ ಏನು ಉಪಯೋಗ? ಯೋಚನೆ ಮಾಡಿ" ಅಂದರು. ನಾಲ್ಕು ದಿನ ಯೋಚನೆ ಮಾಡಿದೆ. ಹೇಳದಿರಲು ನನಗೆ ಸಿಕ್ಕ ಕಾರಣಗಳೆಲ್ಲ ನನ್ನನ್ನು ಉಳಿಸಿಕೊಳ್ಳುವಂಥವೇ ಆಗಿದ್ದವು.

ಭಾನುವಾರ ಬೆಳಿಗ್ಗೆ ಹನ್ನೊಂದು ಸಾಲುಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡು ವಿದ್ಯಾರಣ್ಯಪುರಂಗೆ ಹೋದೆ. ಮನೆ ಸುಲಭವಾಗಿ ಸಿಕ್ಕಿತು. ಅಮ್ಮ ಮಗಳಿಬ್ಬರೂ ಮುಂದಿನ ಜಗುಲಿಯಲ್ಲಿ ಮಣೆ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದರು. ಮಾದೇವಮ್ಮನ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಸಡಗರದಿಂದ ಎದ್ದು, ಸೆರಗಿನಲ್ಲೇ ಜಗುಲಿ ಒರೆಸಿ, "ಕೂತ್ಕೊಳವ್ವ" ಅಂದಳು. ಗೋಡೆಯ ಮೊಳೆಗೆ ಗಾರೆ ಮೆತ್ತುವ ಒಂದು ಕರಣೆ, ಒಂದು ತೂಗುಗುಂಡು ನೇತುಹಾಕಿದ್ದರು. ಎರಡೂ ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿದ್ದವು.

ಹೇಗೆ ಹೇಳಿದೆನೋ ಗೊತ್ತಿಲ್ಲ. ಹೇಳಿದೆ. ಅವಳು ಅಳಲಿಲ್ಲ. ಹೊಸೆಯುತ್ತಿದ್ದ ಕಡ್ಡಿಯನ್ನು ಪೂರ್ತಿ ಹೊಸೆದು ಮುಗಿಸಿ ಪಕ್ಕಕ್ಕಿಟ್ಟಳು.

"ನಾನು ಬಂದಿದ್ನಲ್ಲ, ಆವತ್ತು ಮೇಲ್ಗಡೆನೇ ಇದ್ರಾ?"

"ಇದ್ರು."

"ಉಸ್ರಾಡ್ತಿದ್ರಾ?"

"ಹೂಂ."

ಅವಳು ಹಾಳೆಯ ಕಡೆ ಕೈ ತೋರಿಸಿ, "ಏನೇನ್ ಬರೆದವ್ರೆ ಓದವ್ವ" ಅಂದಳು. ಓದಿದೆ. ಮೊದಲ ದಿನ ರಕ್ತ. ಎರಡನೆಯ ದಿನ ಕಫ. ಅದೇ ದಿನ ಎಕ್ಸ್‌ರೇ. ಮೂರನೆಯ ದಿನ ಮತ್ತೆ ರಕ್ತ. ಒಂದೊಂದು ಸಾಲಿಗೂ ಅವಳು ಹೂಂಗುಡುತ್ತಿದ್ದಳು, ಊರಿಂದ ಬಂದ ಕಾಗದ ಓದಿಸಿಕೊಂಡಂತೆ. ಗುರುವಾರದ ಸಾಲು ಬಂತು: ಗ್ಲೂಕೋಸ್, ಎರಡು ಬಾಟಲಿ.

"ಬಾಯಿಗೆ ಏನಾರ ಕೊಟ್ರಂತಾ?"

"ಅದನ್ನ ಬರೆದಿಲ್ಲಮ್ಮ."

"ಯಾರ್ನಾರ ಕೇಳಿದ್ರಂತಾ? ನನ್ನೆಸ್ರು ಏನಾರ..."

ಅದಕ್ಕೆ ಕಾಲಂ ಇರಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಏನೇನು ಬರೆದಿಡಬೇಕು ಅಂತ ತೀರ್ಮಾನ ಮಾಡಿದಾಗ ನಾನೂ ಆ ಸಭೆಯಲ್ಲಿದ್ದೆ. ಅದನ್ನು ಯಾರೂ ಹೇಳಿರಲಿಲ್ಲ. "ಅದೂ ಇಲ್ಲಮ್ಮ" ಅಂದೆ.

ಆಗ ಮಗಳು ಮೊದಲ ಸಲ ನನ್ನ ಜೊತೆ ಮಾತಾಡಿದಳು. "ನಿಮ್ಮಲ್ಲಿ ವಾರ್ಡ್ ಎಷ್ಟಿವೆ?"

"ಹನ್ನೆರಡು."

"ವಾರ್ಡಿಗೆಲ್ಲ ಫೋನ್ ಇರ್ಲಿಲ್ವಾ? ಒಂದೊಂದ್ ಫೋನ್ ಮಾಡಿ ಕೇಳೋಕೆ ಆಗ್ತಿರ್ಲಿಲ್ವಾ?"

ಫೋನ್ ಇತ್ತು. ಪ್ರತಿ ವಾರ್ಡಿನ ಸಿಸ್ಟರ ಮುಂದೆ ಕೈಬರಹದ ನೋಟ್‌ಬುಕ್ಕೂ ಇತ್ತು. ಹನ್ನೆರಡು ಫೋನಿಗೆ ಹತ್ತು ನಿಮಿಷ ಸಾಕಿತ್ತು. ಎಲ್ಲವೂ ಟೇಬಲ್ಲಿನಲ್ಲಿದೆ ಎನ್ನುವ ಜಂಬದಲ್ಲಿ ನನಗೆ ಅದು ತೋಚಿರಲೇ ಇಲ್ಲ, ಆ ಹುಡುಗಿ ಕೇಳುವವರೆಗೂ ತೋಚಿರಲಿಲ್ಲ. "ತಿಂಗ್ಳು ತಿಂಗ್ಳು ಆ ಕರಣೆಗೆ ಎಣ್ಣೆ ಹಚ್ತಿತ್ತು ನಮ್ಮವ್ವ, ತುಕ್ಕು ಹಿಡೀಬಾರ್ದು ಅಂತ" ಅಂದಳು ಅವಳು, ಕೋಪವೂ ಇಲ್ಲದ ದನಿಯಲ್ಲಿ. ಅಪ್ಪನಿಗೆ ಕಾದು ತನಗೆ ಬಂದ ಎರಡು ಸಂಬಂಧ ತಪ್ಪಿ ಹೋಗಿದ್ದನ್ನು ಅವಳು ಹೇಳಲಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಮಾದೇವಮ್ಮ ಹೇಳಿದ್ದು ಒಂದೇ ಮಾತು. "ನೀವು ಇಲ್ಲ ಅಂದಾಗ ನಂಗೆ ಎಷ್ಟ್ ಕುಸಿ ಆಗಿತ್ತು ಗೊತ್ತಾ ಮೇಡಂ." ಅಲ್ಲಿಯವರೆಗೆ ನಾನು ಅವ್ವ ಆಗಿದ್ದೆ.

ಹನ್ನೆರಡು ದಿನದ ಮೇಲೆ ಅವಳು ಆಸ್ಪತ್ರೆಗೆ ಬಂದಳು. ಸೆರಗಿನಡಿ ಒಂದು ಸಣ್ಣ ಚೊಂಬು. ತೀರಿಕೊಂಡವರ ಗುಂಡಿಗೆ ಹಾಲುತುಪ್ಪ ಬಿಡಬೇಕು, ಆ ಗುಂಡಿ ಎಲ್ಲಿದೆಯೋ ಗೊತ್ತಿಲ್ಲ. ನಗರಪಾಲಿಕೆಗೆ ಹೋಗಿ ಕೇಳಿದರೆ ಇಷ್ಟು ಹಳೆಯದನ್ನು ಯಾರು ಗುರುತು ಇಟ್ಟಿರುತ್ತಾರೆ ಅಂದರಂತೆ. "ಆ ಆಸಿಗೆನಾರ ತೋರ್ಸಿ" ಅಂದಳು. ಪಾಸು ಬರೆಸಿಕೊಂಡು ನಾನೇ ಕರೆದುಕೊಂಡು ಹೋದೆ. ಎರಡನೆಯ ಮಹಡಿ, ಹದಿನಾಲ್ಕನೆಯ ಹಾಸಿಗೆ. ಅದರ ಮೇಲೆ ಯಾರೋ ವಯಸ್ಸಾದವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಾದೇವಮ್ಮ ಮಂಚದ ಕಂಬಿ ಹಿಡಿದು ನಿಂತಳು. ಆಮೇಲೆ ಚೊಂಬಿನ ಬಾಯಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, "ಅಣ್ಣೋ, ಒಂದ್ ಗುಟುಕು ಆಲು ಕುಡೀತೀರಾ?" ಅಂತ ಕೇಳಿದಳು. ಆತ ತಿರುಗಿ ನೋಡುವಷ್ಟರಲ್ಲಿ ಸಿಸ್ಟರು ಓಡಿಬಂದು, ಹೊರಗಿನದು ಏನೂ ಕೊಡುವ ಹಾಗಿಲ್ಲ ಅಂದರು. ತಪ್ಪೇನೂ ಅಲ್ಲ, ಅದು ನಿಯಮ.

ಇಳಿದು ಕೆಳಗೆ ಬಂದೆವು. ಅವಳು ಅಂಗಳದಲ್ಲಿ ಮಣ್ಣು ಹುಡುಕುತ್ತ ನಡೆದಳು. ಮರದ ಬುಡವಾದರೂ ಆಗಲಿ ಅಂತ. ಹಿಂದಿನ ವರ್ಷವಷ್ಟೇ ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ್ದರು, ಮರದ ಬುಡಗಳಿಗೂ ಕತ್ತಿನ ತನಕ ಕಟ್ಟೆ. "ಎಲ್ಲಾ ಗಾರೆ ಆಕ್ಬುಟ್ಟವ್ರಲ್ಲ" ಅಂದಳು. ಕೊನೆಗೆ ಕಾಂಪೌಂಡಿನ ಮೂಲೆಯಲ್ಲಿ ಕೂತು ಕಾಂಕ್ರೀಟಿನ ಮೇಲೇ ಬಿಟ್ಟಳು. ಅದು ಇಂಗಲಿಲ್ಲ. ಸಣ್ಣ ಗೆರೆಯಾಗಿ ಹರಿದು ಚರಂಡಿಯ ಕಂಡಿಗೆ ಇಳಿಯಿತು. ಅವಳು ಪೂರ್ತಿ ಇಳಿಯುವವರೆಗೂ ನೋಡಿ ಎದ್ದಳು. "ಬತ್ತೀನಿ" ಅನ್ನಲಿಲ್ಲ. ಮತ್ತೆ ಬರಲೂ ಇಲ್ಲ.

ನಾನು ಹೆಸರಿನ ಇಂಡೆಕ್ಸನ್ನು ಮತ್ತೆ ಕಟ್ಟಿದೆ. ವಾರ್ಡುಗಳಿಗೆ ಬೇರೆ ಟೇಬಲ್ ಮಾಡಿದೆ. ಇಬ್ಬರು ಮೂವರು ಕಳೆದುಹೋದವರು ಅದರಿಂದ ಸಿಕ್ಕಿದ್ದೂ ಹೌದು. ಜನ ಸಂತೋಷಪಟ್ಟರು, ನನಗೆ ಆಗಲಿಲ್ಲ. ಎರಡು ವರ್ಷದಲ್ಲಿ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಒಮ್ಮೆ ಧೈರ್ಯ ಮಾಡಿ ವಿದ್ಯಾರಣ್ಯಪುರಂಗೆ ಹೋದೆ. ಆ ಮನೆಯಲ್ಲಿ ಬೇರೆಯವರಿದ್ದರು. ಮಾದೇವಮ್ಮ ಹೋದ ಚಳಿಗಾಲದಲ್ಲೇ ತೀರಿಕೊಂಡರು, ಮಗಳು ಒಬ್ಬಳೇ ಅಮ್ಮನ ಊರಿನ ಕಡೆ ಹೋದಳು ಅಂತ ಪಕ್ಕದ ಮನೆಯವರು ಹೇಳಿದರು. ಯಾವ ಊರು ಅಂತ ಅವರಿಗೆ ಗೊತ್ತಿರಲಿಲ್ಲ.

ಇಷ್ಟು ನೆನೆಯುತ್ತ ಹೋದ ವಾರ ಆ ಕುರ್ಚಿಯಲ್ಲಿ ಕೂತಿದ್ದೆ. ನೀರಿನ ಲೋಟ ಕೈಯಲ್ಲೇ ಇತ್ತು. ನನ್ನ ಹಿಂದೆ ಸಾಲಿನಲ್ಲಿದ್ದ ಒಬ್ಬ ಅಜ್ಜ ಕೌಂಟರಿನ ಮುಂದೆ ನಿಂತಿದ್ದರು. ಮೊನ್ನೆ ರಕ್ತ ಕೊಟ್ಟು ಹೋಗಿದ್ದರಂತೆ, ರಿಪೋರ್ಟು ಬೇಕು. ಹುಡುಗಿ ಹೆಸರು ಒತ್ತಿದಳು. "ಸಿಸ್ಟಮ್‌ನಲ್ಲಿ ಇಲ್ಲ ತಾತ" ಅಂದಳು.

ನಾನು ಎದ್ದು ಹೋದೆ. "ಇನ್ನೊಂದು ಸಲ ನೋಡಮ್ಮ. ಸ್ಪೆಲಿಂಗ್ ಬೇರೆ ಹಾಕಿ ನೋಡು. ಮೊನ್ನೆಯ ತಾರೀಖಿಂದ ಮಾತ್ರ ನೋಡು." ಒಳ್ಳೆಯ ಹುಡುಗಿ, ನೋಡಿದಳು. ಮೂರು ಥರ, ನಾಲ್ಕು ಥರ. ಫೋನ್ ನಂಬರಿನಿಂದ ನೋಡಿದಳು. ಒಳಗೆ ರಕ್ತ ತೆಗೆಯುವವರನ್ನು ಕೇಳಿ ಬಾ ಅಂತ ಹಟ ಹಿಡಿದೆ. ಹೋಗಿ ಕೇಳಿ ಬಂದಳು. ಹಿಂದಿನವರು ಗೊಣಗತೊಡಗಿದರು.

"ಇಲ್ಲವೇ ಇಲ್ಲ ಮೇಡಂ. ತಾತ ಬೇರೆ ಲ್ಯಾಬಿಗೆ ಹೋಗಿರ್ಬೇಕು."

ಅಜ್ಜ ಅಂಗಿಯ ತೋಳು ಮೇಲಕ್ಕೆ ಸರಿಸಿ ಮೊಣಕೈ ಒಳಭಾಗವನ್ನು ನಮ್ಮಿಬ್ಬರ ಮುಂದೆ ಚಾಚಿದರು. ಹತ್ತಿಯ ಮೇಲೆ ಅಂಟಿಸಿದ ಬಿಳಿ ಪಟ್ಟಿ ಇನ್ನೂ ಹಾಗೇ ಇತ್ತು, ಸುತ್ತ ನೀಲಿಗಟ್ಟಿತ್ತು. "ಇಲ್ಲೇ ಕಣವ್ವ ಚುಚ್ಚಿದ್ದು. ಆ ಒಳಗಿನ ಕುರ್ಚಿಲೇ ಕುಂತಿದ್ದೆ" ಅಂದರು.

ಹುಡುಗಿ ಪಟ್ಟಿಯನ್ನೂ ನೋಡಿದಳು, ಪರದೆಯನ್ನೂ ನೋಡಿದಳು.

"ಓಗ್ಲಿ ಬುಡಿ" ಅಂದು ಅಜ್ಜ ಇನ್ನೊಂದು ತೋಳು ಮಡಿಸಿಕೊಂಡು ಒಳಗೆ ನಡೆದರು. "ಈ ಕೈಗೆ ಚುಚ್ಚಲಿ."